ನಾಡಿನ ಹೆಸರು ಮತ್ತು ನೆಲದ ಹಕ್ಕು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಿಂದ ‘ಕರ್ನಾಟಕ’ ಪದದ ಪರಿಶೀಲನೆ

ಸಾರಾಂಶ

ವಿಶಾಲವಾದ ಭೂಭಾಗವೊಂದಕ್ಕೆ ಹೆಸರು ಹೇಗೆ ಬರುತ್ತದೆ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಆ ಪದ ಯಾವ ಧಾತುವಿನಿಂದ, ಯಾವ ಧ್ವನಿನಿಯಮದಿಂದ ಬಂತು ಎಂಬುದು ಮೊದಲನೆಯದು. ಆ ಪದ ಯಾವ ಕಾಲದಲ್ಲಿ ಯಾವ ನೆಲವನ್ನು, ಯಾರನ್ನು ನಿರ್ದೇಶಿಸಿತು ಎಂಬುದು ಎರಡನೆಯದು. ಮೊದಲನೆಯದನ್ನು ‘ವ್ಯುತ್ಪತ್ತಿ’ ಎಂದೂ ಎರಡನೆಯದನ್ನು ‘ನಿರ್ದೇಶವ್ಯಾಪ್ತಿ’ ಎಂದೂ ಕರೆದು, ‘ಕರ್ನಾಟಕ’ ಎಂಬ ನಾಡಿನ ಹೆಸರನ್ನೂ ಬೆಳಗಾವಿ ಜಿಲ್ಲೆಯ ಐದು ಗಡಿ ತಾಲ್ಲೂಕುಗಳ ಹೆಸರುಗಳನ್ನೂ ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ‘ಕನ್ನಡ’ ಪದದ ದಂತ್ಯ ದ್ವಿತ್ವವು ಅದನ್ನು ಸಂಸ್ಕೃತ ‘ಕರ್ಣಾಟ’ದ ತದ್ಭವವೆಂದು ಹೇಳುವುದಕ್ಕೆ ತೊಡಕಾಗುತ್ತದೆ ಎಂದೂ, ಸ್ಥಳನಾಮದ ವ್ಯುತ್ಪತ್ತಿಯನ್ನು ನೆಲದ ಮೇಲಿನ ಹಕ್ಕಿಗೆ ಆಧಾರವಾಗಿ ಬಳಸುವುದು ಶಾಸ್ತ್ರಸಮ್ಮತವಲ್ಲ ಎಂದೂ ನಮ್ಮ ವಾದ.

ಪ್ರಮುಖ ಪದಗಳು: ಸ್ಥಳನಾಮ, ವ್ಯುತ್ಪತ್ತಿ, ನಿರ್ದೇಶವ್ಯಾಪ್ತಿ, ಕರ್ನಾಟಕ, ಕನ್ನಡ–ಮರಾಠಿ ಸಂಪರ್ಕ, ಬೆಳಗಾವಿ ಗಡಿಸೀಮೆ

1. ಪ್ರಸ್ತಾವನೆ

ಮೀರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಹಾದು ಹೋಗುತ್ತದೆ. ಈ ಭಾಗಕ್ಕೆ ರೈಲು ತಂದ ಕಂಪನಿಯ ಹೆಸರು ‘ಸದರ್ನ್ ಮರಾಠಾ ರೈಲ್ವೆ’. ಆ ಕಾಲದ ಆಂಗ್ಲ ಆಡಳಿತದ ಬರಹಗಳಲ್ಲಿ ಈ ಸೀಮೆಗೆ ‘ದಕ್ಷಿಣ ಮರಾಠಾ ದೇಶ’ ಎಂಬ ಹೆಸರಿತ್ತು. ಅದೇ ನೆಲವನ್ನು ಕನ್ನಡದ ಬರಹಗಾರರು ‘ಮುಂಬಯಿ ಕರ್ನಾಟಕ’ ಎಂದರು. 2021ರಿಂದ ಅಧಿಕೃತವಾಗಿ ಅದು ‘ಕಿತ್ತೂರು ಕರ್ನಾಟಕ’. ಸಾವಿರ ವರ್ಷಗಳಷ್ಟು ಹಿಂದೆ ಸರಿದರೆ, ಇಂದಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನು ಶಾಸನಗಳು ‘ಕೂಂಡಿ ಮೂರುಸಾಸಿರ’ ಎನ್ನುತ್ತವೆ. ನೆಲ ಒಂದೇ, ಹೆಸರುಗಳು ನಾಲ್ಕು. ಅವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಆ ನೆಲದ ಸಹಜ ಗುಣವೂ ಅಲ್ಲ.

ಇದು ಸ್ಥಳನಾಮವಿಜ್ಞಾನದ ಆರಂಭದ ಪಾಠವಾದರೂ ಗಡಿಸೀಮೆಯಲ್ಲಿ ಬಲು ಬೇಗ ಮರೆತುಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರಲ್ಲಿ ವರದಿ ಒಪ್ಪಿಸಿತು. ನಿಪ್ಪಾಣಿಯೂ ಒಳಗೊಂಡಂತೆ 264 ಊರುಗಳು ಮಹಾರಾಷ್ಟ್ರಕ್ಕೂ 247 ಊರುಗಳು ಕರ್ನಾಟಕಕ್ಕೂ ಹೋಗಬೇಕೆಂಬ ಆ ಶಿಫಾರಸು ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಈ ದೀರ್ಘ ವಿವಾದದ ಉದ್ದಕ್ಕೂ ಊರಿನ ಹೆಸರು ಯಾವ ಭಾಷೆಯದು ಎಂಬುದನ್ನು ಊರು ಯಾರದು ಎಂಬುದಕ್ಕೆ ಸಾಕ್ಷಿಯಾಗಿ ಮುಂದಿಡುವ ರೂಢಿ ಎರಡೂ ಕಡೆಯ ಬರಹಗಳಲ್ಲಿ ಬೆಳೆದಿದೆ. ಆ ರೂಢಿ ಭಾಷಾವಿಜ್ಞಾನದಿಂದ ತನಗೆ ಬೇಕಾದಷ್ಟನ್ನು ಮಾತ್ರ ಎರವಲು ಪಡೆಯುತ್ತದೆ. ಆದ್ದರಿಂದ ಸಾಕ್ಷ್ಯದ ಮಿತಿಯನ್ನು ಗುರುತಿಸುವ ಹೊಣೆ ಭಾಷಾವಿಜ್ಞಾನಿಗಳ ಮೇಲೆಯೇ ಇದೆ ಎಂದು ನಾವು ಭಾವಿಸುತ್ತೇವೆ.

2. ಖಂಡಗಳ ಹೆಸರುಗಳಿಂದ ದೊರೆಯುವ ಮಾದರಿ

ಗಡಿವಿವಾದದ ಬಿಸಿಯಿಲ್ಲದ ಉದಾಹರಣೆಗಳಿಂದ ಆರಂಭಿಸುವುದು ಒಳಿತು. ಜಗತ್ತಿನ ಅತಿ ದೊಡ್ಡ ಭೂಭಾಗಗಳ ಹೆಸರುಗಳು ಬಹುಮಟ್ಟಿಗೆ ಅತಿ ಚಿಕ್ಕ ಜಾಗಗಳಿಂದ ಹೊರಟವು. ‘ಏಷ್ಯಾ’ ಎಂಬುದು ಗ್ರೀಕರ ಬಾಯಲ್ಲಿ ಮೊದಲಿಗೆ ಅನತೋಲಿಯದ ಪಶ್ಚಿಮ ಅಂಚಿನ ಹೆಸರು. ಹಿಟ್ಟೈಟ್ ದಾಖಲೆಗಳಲ್ಲಿ ಅದೇ ಭಾಗಕ್ಕೆ ಬರುವ ‘ಅಸ್ಸುವ’ ಎಂಬ ಹೆಸರಿನೊಂದಿಗೆ ವಿದ್ವಾಂಸರು ಅದನ್ನು ಜೋಡಿಸುತ್ತಾರೆ. ಕ್ರಿ.ಪೂ. 133ರಲ್ಲಿ ಪೆರ್ಗಮಮ್ ರಾಜ್ಯ ರೋಮಿಗೆ ಸೇರಿದ ಮೇಲೆ ಅಲ್ಲಿ ಸ್ಥಾಪನೆಯಾದ ಪ್ರಾಂತ್ಯದ ಹೆಸರೂ ‘ಏಷ್ಯಾ’ ಎಂದೇ. ‘ಆಫ್ರಿಕಾ’ ಕಾರ್ಥೇಜಿನ ಸುತ್ತಲಿನ ‘ಆಫ್ರಿ’ ಜನರ ನೆಲ; ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಬಿದ್ದ ಮೇಲೆ ಅದು ರೋಮನ್ ಪ್ರಾಂತ್ಯವೊಂದರ ಹೆಸರಾಯಿತು. ‘ಯೂರೋಪ್’ ಎಂಬ ಪದ ಹೋಮರನ ಹೆಸರಿನಲ್ಲಿ ಬಂದಿರುವ ಅಪೊಲೋ ಸ್ತೋತ್ರದಲ್ಲಿ ಪೆಲೊಪೊನೀಸ್ ಮತ್ತು ದ್ವೀಪಗಳಿಂದ ಬೇರೆಯಾದ ಗ್ರೀಸಿನ ಮುಖ್ಯಭೂಮಿಯನ್ನಷ್ಟೇ ಸೂಚಿಸುತ್ತದೆ. 1507ರ ವಾಲ್ಡ್‌ಸೀಮ್ಯುಲರನ ಭೂಪಟದಲ್ಲಿ ‘ಅಮೆರಿಕಾ’ ಎಂಬ ಹೆಸರು ದಕ್ಷಿಣದ ಭಾಗಕ್ಕಿತ್ತು. 1538ರಲ್ಲಿ ಮರ್ಕೇಟರ್ ಅದನ್ನು ಉತ್ತರಕ್ಕೂ ವಿಸ್ತರಿಸಿದ.

ಈ ನಾಲ್ಕು ಉದಾಹರಣೆಗಳಿಂದ ಮೂರು ಸಾಮಾನ್ಯ ಅಂಶಗಳು ಹೊರಡುತ್ತವೆ. ಮೊದಲನೆಯದು, ಹೆಸರು ಭಾಗದಿಂದ ಇಡಿಯ ಕಡೆಗೆ ಹಬ್ಬುತ್ತದೆ. ಎರಡನೆಯದು, ಹಾಗೆ ಹಬ್ಬಿಸುವವರು ಬಹುಮಟ್ಟಿಗೆ ಆ ನೆಲದವರಲ್ಲ. ನೆರೆಯವರು, ಆಳುವವರು, ಪಟ ಬರೆಯುವವರು. ಮೂರನೆಯದು, ಹೆಸರು ಹಬ್ಬಿದ ಮೇಲೆ ಅದರ ಮೂಲ ಅರ್ಥಕ್ಕೆ ಹೊಸ ವ್ಯಾಪ್ತಿಯ ಮೇಲೆ ಯಾವ ಹಿಡಿತವೂ ಇರುವುದಿಲ್ಲ. ಚೀನಾವಾಗಲಿ ಭಾರತವಾಗಲಿ ಅಸ್ಸುವದವರದು ಎಂದು ಯಾರೂ ವಾದಿಸುವುದಿಲ್ಲ. ಆದರೆ ಇದೇ ತರ್ಕವನ್ನು ನಮ್ಮ ನಾಡಿಗೂ ನಮ್ಮ ಊರುಗಳಿಗೂ ಅನ್ವಯಿಸುವಾಗ ಹಿಂಜರಿಯುತ್ತೇವೆ.

3. ಕರುನಾಡು, ಕರ್ಣಾಟ, ಕನ್ನಡ: ಧ್ವನಿಯ ಸಾಕ್ಷ್ಯ

‘ಕರ್ನಾಟಕ’ ಪದದ ವ್ಯುತ್ಪತ್ತಿಯ ಬಗೆಗೆ ಪ್ರಚಲಿತವಿರುವ ಅಭಿಪ್ರಾಯಗಳನ್ನು ಮೂರು ಗುಂಪಾಗಿ ನೋಡಬಹುದು. ನೆಲದ ಗುಣದಿಂದ ಹೊರಡುವವರು ‘ಕರ್/ಕರಿ’ (ಕಪ್ಪು) ಅಥವಾ ‘ಕರು’ (ಎತ್ತರ) ಎಂಬುದಕ್ಕೆ ‘ನಾಡು’ ಸೇರಿಸುತ್ತಾರೆ. ಜನದ ಹೆಸರಿನಿಂದ ಹೊರಡುವವರು ಪ್ರಾಚೀನ ಜನಾಂಗವೊಂದರ ಹೆಸರನ್ನು ಪೂರ್ವಪದದಲ್ಲಿ ಕಾಣುತ್ತಾರೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಕನ್ನಡದ ನೆಲೆಯನ್ನು ಅರಸಿದ್ದು ಮುಖ್ಯವಾಗಿ ಈ ದಾರಿಯಲ್ಲಿ. ಮೂರನೆಯ ಗುಂಪಿನವರು ಸಂಸ್ಕೃತ ‘ಕರ್ಣಾಟ’ವೇ ಮೂಲ, ‘ಕನ್ನಡ’ ಅದರ ತದ್ಭವ ಎನ್ನುತ್ತಾರೆ. ಅರ್ಥದ ಔಚಿತ್ಯದಿಂದ ಇವುಗಳ ನಡುವೆ ತೀರ್ಮಾನಿಸಲಾಗದು, ಏಕೆಂದರೆ ಯಾವ ಅರ್ಥಕ್ಕಾದರೂ ಒಂದು ಕಥೆ ಕಟ್ಟಬಹುದು. ಧ್ವನಿಯನ್ನು ಮೊದಲು ವಿಚಾರಿಸೋಣ.

ಸಂಸ್ಕೃತದ ‘ರ್ಣ’ ಕನ್ನಡದ ತದ್ಭವಗಳಲ್ಲಿ ಹೇಗೆ ಬರುತ್ತದೆ ಎಂಬುದು ಚೆನ್ನಾಗಿ ತಿಳಿದಿದೆ. ವರ್ಣ ‘ಬಣ್ಣ’ವಾಗುತ್ತದೆ, ಚೂರ್ಣ ‘ಸುಣ್ಣ’ವಾಗುತ್ತದೆ, ಪೂರ್ಣಿಮಾ ‘ಹುಣ್ಣಿಮೆ’ಯಾಗುತ್ತದೆ. ಮೂರರಲ್ಲಿಯೂ ದ್ವಿತ್ವ ಮೂರ್ಧನ್ಯವಾಗಿಯೇ ಉಳಿದಿದೆ. ‘ಕರ್ಣಾಟ’ ಇದೇ ಹಾದಿ ಹಿಡಿದಿದ್ದರೆ ನಮಗೆ ಸಿಗಬೇಕಾದ ರೂಪ ‘ಕಣ್ಣಡ’. ಸಿಕ್ಕಿರುವುದು ದಂತ್ಯ ದ್ವಿತ್ವದ ‘ಕನ್ನಡ’. ಕೃಷ್ಣ ಎಂಬುದು ‘ಕನ್ನರ’ ಆಗಿರುವ ನಿದರ್ಶನವನ್ನು ಇದಕ್ಕೆ ವಿರುದ್ಧವಾಗಿ ತರಬಹುದು. ಆದರೆ ಅಲ್ಲಿ ಮೂಲದಲ್ಲಿರುವುದು ‘ಷ್ಣ’. ಮೇಲಾಗಿ ಅದು ರಾಜರ ಅಂಕಿತನಾಮ. ಅಂಕಿತನಾಮಗಳು ಸಾಮಾನ್ಯ ಪದಗಳ ನಿಯಮಕ್ಕೆ ಪೂರ್ತಿ ಒಳಪಡದಿರುವುದು ಅಪರೂಪವಲ್ಲ. ‘ರ್ಣ’ದ ಮಟ್ಟಿಗೆ ನಿಯಮ ಸ್ಪಷ್ಟವಾಗಿದೆ.

ಜನವಾಚಕವಾಗಿ ‘ಕಣ್’ ಎಂಬ ಪೂರ್ವಪದವನ್ನು ಊಹಿಸಿದರೂ ಇದೇ ತೊಡಕು ಎದುರಾಗುತ್ತದೆ. ಕಣ್ + ನೀರ್ ‘ಕಣ್ಣೀರ್’, ತಣ್ + ನೀರ್ ‘ತಣ್ಣೀರ್’ ಆಗುವುದರಿಂದ ಕಣ್ + ನಾಡು ‘ಕಣ್ಣಾಡು’ ಆಗಬೇಕಾಗಿತ್ತು. ಪೂರ್ವಪದದ ಮೂರ್ಧನ್ಯ ಉತ್ತರಪದದ ದಂತ್ಯವನ್ನು ತನ್ನಂತೆ ಮಾಡಿಕೊಳ್ಳುತ್ತದೆಯೇ ಹೊರತು ತಾನು ದಂತ್ಯವಾಗುವುದಿಲ್ಲ.

ಇನ್ನುಳಿದುದು ‘ಕರ್ + ನಾಡು’. ಇಲ್ಲಿ ‘ರ್ + ನ’ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಒಂದು ನಿಖರವಾದ ಸಾದೃಶ್ಯವಿದೆ. ಎರಡು ಎಂಬುದರ ವಿಶೇಷಣರೂಪ ‘ಇರ್’ ಮತ್ತು ‘ನೂಱು’ ಸೇರಿ ‘ಇನ್ನೂಱು’ ಆಗಿದೆ. ಇದೇ ಸಂಖ್ಯೆ ತಮಿಳಿನಲ್ಲಿ ‘ಇರುನೂಱು’. ಅಂದರೆ ತಮಿಳು ನಡುವಿನ ಉಕಾರವನ್ನು ಉಳಿಸಿಕೊಳ್ಳುತ್ತದೆ. ಕನ್ನಡ ಅದನ್ನು ಬಿಟ್ಟು ರೇಫವನ್ನು ನಕಾರದಲ್ಲಿ ಲೀನಗೊಳಿಸುತ್ತದೆ. ಈಗ ನಾಡಿನ ಹೆಸರನ್ನು ನೋಡೋಣ. ತಮಿಳಿನ ‘ಶಿಲಪ್ಪದಿಕಾರಂ’ ಈ ನಾಡಿನವರನ್ನು ‘ಕರುನಾಡರ್’ ಎನ್ನುತ್ತದೆ, ಕನ್ನಡದಲ್ಲಿರುವುದು ‘ಕನ್ನಡ’. ಇರುನೂಱು – ಇನ್ನೂಱು ಎಂಬ ಜೋಡಿಗೂ ಕರುನಾಡು – ಕನ್ನಡ ಎಂಬ ಜೋಡಿಗೂ ಧ್ವನಿಸಂಬಂಧ ಒಂದೇ. ಸಂಸ್ಕೃತ ‘ಕರ್ಣಾಟ’ವನ್ನು ಇದೇ ದ್ರಾವಿಡ ಸಮಾಸದ ಮೂರನೆಯ ರೂಪವೆಂದು ವಿವರಿಸಬಹುದು. ರೇಫದ ನಂತರ ನಕಾರ ಣಕಾರವಾಗುವುದು ಸಂಸ್ಕೃತಕ್ಕೆ ಸಹಜ. ದ್ರಾವಿಡದ ‘ಡ’ಕಾರವನ್ನು ‘ಟ’ಕಾರದಿಂದ ಬರೆಯುವುದೂ ಅಲ್ಲಿ ಅಪರಿಚಿತವಲ್ಲ. ಹೀಗೆ ಕನ್ನಡವು ಕರ್ಣಾಟದ ಮಗಳೂ ಅಲ್ಲ, ತಾಯಿಯೂ ಅಲ್ಲ; ಎರಡೂ ಒಂದೇ ಸಮಾಸದಿಂದ ಕವಲೊಡೆದ ರೂಪಗಳು. ಈ ವಿವರಣೆಯಲ್ಲಿ ಇನ್ನೂ ಸಮಾಧಾನ ಬೇಡುವ ಭಾಗವೆಂದರೆ ‘ನಾಡು’ ಎಂಬುದರ ದೀರ್ಘಸ್ವರ ‘ಕನ್ನಡ’ದಲ್ಲಿ ಹ್ರಸ್ವವಾಗಿರುವುದು. ದ್ವಿತ್ವದ ನಂತರದ ಅಕ್ಷರದಲ್ಲಿ ಸ್ವರ ಸವೆದಿರುವ ಬೇರೆ ನಿದರ್ಶನಗಳನ್ನು ಶಾಸನಭಾಷೆಯಿಂದ ಕಾಲಾನುಕ್ರಮದಲ್ಲಿ ಕಲೆಹಾಕಿದರೆ ವಾದ ಬಲಗೊಳ್ಳುತ್ತದೆ.

ಈ ಸೀಮೆಯ ಮರಾಠಿ ಮಾತುಗಾರರ ಬಾಯಲ್ಲಿರುವ ‘ಕಾನಡಿ’ ನಾಲ್ಕನೆಯ ರೂಪ. ಮೇಲ್ನೋಟಕ್ಕೆ ಇದರ ದಂತ್ಯ ನಕಾರ ‘ಕನ್ನಡ’ದ ನಕಾರವೇ ಎನಿಸಬಹುದು. ಆದರೆ ಹಾಗೆ ಭಾವಿಸಬೇಕಾಗಿಲ್ಲ. ಪ್ರಾಕೃತದ ಒಂಟಿ ಣಕಾರ ಮರಾಠಿಯಲ್ಲಿ ಉಳಿಯುತ್ತದೆ, ಇಮ್ಮಡಿ ಣಕಾರ ನಕಾರವಾಗುತ್ತದೆ, ಜೊತೆಗೆ ಹಿಂದಿನ ಸ್ವರ ದೀರ್ಘವಾಗುತ್ತದೆ. ಪಾನೀಯ ‘ಪಾಣೀ’ ಆಗಿರುವುದೂ ಕರ್ಣ ಎಂಬುದು ‘ಕಣ್ಣ’ದ ಮೂಲಕ ‘ಕಾನ್’ (ಕಿವಿ) ಆಗಿರುವುದೂ ಈ ನಿಯಮದಿಂದ. ಹಾಗೆಯೇ ಕರ್ಣಾಟದ ಪ್ರಾಕೃತ ರೂಪ ‘ಕಣ್ಣಾಡ’ದಿಂದ ‘ಕಾನಡಾ, ಕಾನಡೀ’. ಹಿಂದೂಸ್ತಾನಿ ಸಂಗೀತದ ‘ಕಾನಡಾ’ ರಾಗದ ಹೆಸರಿನಲ್ಲಿಯೂ ಇದೇ ಪದವಿದೆ. ಆದ್ದರಿಂದ ನಿಪ್ಪಾಣಿಯ ಸಂತೆಯಲ್ಲಿ ಒಬ್ಬರು ‘ಕನ್ನಡ’ ಎಂದಾಗ ಮತ್ತೊಬ್ಬರು ‘ಕಾನಡಿ’ ಎಂದರೆ, ಎರಡು ಭಾಷೆಗಳು ತಮ್ಮ ತಮ್ಮ ನಿಯಮಕ್ಕೆ ನಿಷ್ಠವಾಗಿ ಒಂದೇ ಪೂರ್ವರೂಪವನ್ನು ಉಳಿಸಿಕೊಂಡಿರುವುದನ್ನು ಕೇಳುತ್ತೇವೆ. ಎರಡನೆಯದು ಮೊದಲನೆಯದರ ಕೆಟ್ಟ ಉಚ್ಚಾರಣೆಯಲ್ಲ.

‘ಕರ್’ ಎಂದರೆ ಕಪ್ಪೋ ಎತ್ತರವೋ ಎಂಬುದನ್ನು ಧ್ವನಿ ತೀರ್ಮಾನಿಸದು. ಕಪ್ಪುನೆಲದ ವ್ಯುತ್ಪತ್ತಿಯನ್ನು ಅಲ್ಲಗಳೆಯಲು ಕರ್ನಾಟಕದಲ್ಲಿ ಕೆಂಪು ನೆಲವೂ ಇದೆ ಎನ್ನುವ ವಾದ ಮಾತ್ರ ನಿಲ್ಲುವುದಿಲ್ಲ. ಅಥಣಿಯ ಎರೆಹೊಲವೂ ಪಶ್ಚಿಮದ ಮಸಾರಿ ನೆಲವೂ ಇಂದು ಒಂದೇ ಹೆಸರಿನ ಕೆಳಗಿವೆ ನಿಜ. ಆದರೆ ಹೆಸರು ಭಾಗದಿಂದ ಇಡಿಗೆ ಹಬ್ಬುವುದರಿಂದ ಇಡೀ ನಾಡು ಕಪ್ಪಾಗಿರಬೇಕಾದ ಅಗತ್ಯವಿಲ್ಲ.

4. ಹೆಸರು ಯಾರನ್ನು ನಿರ್ದೇಶಿಸಿತು

ವ್ಯುತ್ಪತ್ತಿಯಿಂದ ನಿರ್ದೇಶವ್ಯಾಪ್ತಿಗೆ ಬಂದಾಗ ನಮ್ಮ ಸೀಮೆಯ ಪಕ್ಕದಲ್ಲೇ ಒಂದು ಮುಖ್ಯ ಸಾಕ್ಷ್ಯವಿದೆ. ರಾಷ್ಟ್ರಕೂಟ ದಂತಿದುರ್ಗನ ಶಕ 675ರ (ಕ್ರಿ.ಶ. 753–54) ತಾಮ್ರಪಟ ದೊರೆತ ಸಾಮನಗಡ ಇಂದು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನಲ್ಲಿದೆ; ನಿಪ್ಪಾಣಿಗೆ ದೂರವಲ್ಲ. ಕಂಚಿಯ ಅರಸನನ್ನೂ ಕೇರಳ, ಚೋಳ, ಪಾಂಡ್ಯರನ್ನೂ ಹರ್ಷನನ್ನೂ ಸೋಲಿಸಿದ ಖ್ಯಾತಿಯುಳ್ಳ ‘ಕರ್ಣಾಟಕ’ ಸೇನೆಯನ್ನು ದಂತಿದುರ್ಗ ಗೆದ್ದನೆಂದು ಅಲ್ಲಿ ಹೇಳಲಾಗಿದೆ. ರಾಷ್ಟ್ರಕೂಟರ ಬೇರೆ ತಾಮ್ರಪಟಗಳಲ್ಲಿಯೂ ಈ ವರ್ಣನೆ ಮರುಕಳಿಸುತ್ತದೆ.

ಇಲ್ಲಿ ಗಮನಿಸಬೇಕಾದುದು ಹೆಸರಿನ ಪ್ರಾಚೀನತೆಗಿಂತ ಹೆಸರಿನ ವಾಕ್ಯಸ್ಥಾನ. ‘ಕರ್ಣಾಟಕ’ ಇಲ್ಲಿ ನಾಡಿನ ಹೆಸರಾಗಿ ಬಂದಿಲ್ಲ. ಸೇನೆಯ ವಿಶೇಷಣವಾಗಿ ಬಂದಿದೆ. ಆ ಸೇನೆ ಬಾದಾಮಿಯ ಚಾಲುಕ್ಯರದು. ಹೇಳುತ್ತಿರುವವರು ಅದರ ಎದುರಾಳಿಗಳು. ಆ ಎದುರಾಳಿಗಳ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ ಸುಮಾರು ನೂರು ವರ್ಷಗಳ ನಂತರ ‘ಕವಿರಾಜಮಾರ್ಗ’ ರಚಿತವಾಯಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಅದು ಕನ್ನಡದ ಹೆಸರಿನಿಂದ ಗುರುತಿಸುತ್ತದೆ. ಎದುರಾಳಿಯ ಬಲವನ್ನು ಸೂಚಿಸಿದ್ದ ಹೆಸರು ಈಗ ಭಾಷೆಯನ್ನು ಆಶ್ರಯಿಸಿದ ನಾಡಿನ ಹೆಸರಾಗಿದೆ. ಅದೇ ಕೃತಿ ತಿರುಳ್ಗನ್ನಡದ ಎಲ್ಲೆಯನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇರಿಸುತ್ತದೆ. ಒಕ್ಕುಂದ ಇಂದಿನ ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಅಂದರೆ ನಮ್ಮ ಐದು ತಾಲ್ಲೂಕುಗಳು ಕವಿರಾಜಮಾರ್ಗದ ದೊಡ್ಡ ಎಲ್ಲೆಯ ಒಳಗೆ, ತಿರುಳಿನ ಎಲ್ಲೆಯ ಹೊರಗೆ ಬೀಳುತ್ತವೆ. ಒಂದೇ ಪಠ್ಯ ಎರಡು ವ್ಯಾಪ್ತಿಗಳನ್ನು ಏಕಕಾಲಕ್ಕೆ ಇಟ್ಟುಕೊಂಡಿದೆ. ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿ ಗಡಿರೇಖೆಯಾಗಿ ಓದುವುದು ಪಠ್ಯಕ್ಕೆ ಮಾಡುವ ಅನ್ಯಾಯ.

ಮುಂದಿನ ಶತಮಾನಗಳಲ್ಲಿ ಈ ಹೆಸರು ಆಳುವವರ ಬೆನ್ನು ಹತ್ತಿ ಸಂಚರಿಸಿತು. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿದ ನಾನ್ಯದೇವನ ವಂಶಕ್ಕೆ ಕರ್ಣಾಟ ವಂಶವೆಂದು ಹೆಸರು. ಬಂಗಾಳದ ಸೇನರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದುಕೊಂಡರು. ವಿಜಯನಗರದ ಅರಸರ ರಾಜ್ಯ ಕರ್ಣಾಟ ರಾಜ್ಯವಾಯಿತು. 1565ರ ಯುದ್ಧದ ನಂತರ ಆ ಅರಸೊತ್ತಿಗೆ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳತ್ತ ಸರಿದಾಗ ಹೆಸರೂ ಜೊತೆಯಲ್ಲೇ ಸರಿಯಿತು. ಕೊನೆಗೆ ಯುರೋಪಿಯನ್ನರ ಬರಹಗಳಲ್ಲಿ ‘ಕರ್ನಾಟಿಕ್’ ಎಂದರೆ ಆರ್ಕಾಟಿನ ನವಾಬನ ನಾಡು. 1746ರಿಂದ 1763ರವರೆಗಿನ ಕರ್ನಾಟಿಕ್ ಯುದ್ಧಗಳು ಬಹುಮಟ್ಟಿಗೆ ನಡೆದದ್ದು ತಮಿಳು ಮಾತನಾಡುವ ನೆಲದಲ್ಲಿ. ಅದೇ ಕಾಲದಲ್ಲಿ ಕೃಷ್ಣೆಯ ದಡದ ಕನ್ನಡ ಊರುಗಳು ಮರಾಠಾ ಆಳ್ವಿಕೆಯಲ್ಲಿದ್ದವು. ಮುಂದೆ ಆಂಗ್ಲ ಆಡಳಿತದ ಬಾಯಲ್ಲಿ ‘ದಕ್ಷಿಣ ಮರಾಠಾ ದೇಶ’ವಾದವು. ಎರಡು ಹೆಸರುಗಳೂ ಮಾತನಾಡುವವರ ಭಾಷೆಯನ್ನಲ್ಲ, ಆಳಿದವರ ಪರಂಪರೆಯನ್ನು ಹೇಳುತ್ತಿದ್ದವು. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸುವ ಹೊತ್ತಿಗೆ ಹೆಸರನ್ನು ಭಾಷೆಗೆ ಮರಳಿ ಕಟ್ಟುವ ಪ್ರಯತ್ನ ಗಟ್ಟಿಯಾಗಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು.

‘ಕೂಂಡಿ’ಯ ಚರಿತ್ರೆ ಇದಕ್ಕೆ ವ್ಯತಿರಿಕ್ತ. ಶಾಸನಗಳಲ್ಲಿ ‘ಕುಹುಂಡಿ’, ‘ಕೂಂಡಿ’ ಎಂಬ ಎರಡು ರೂಪಗಳಿವೆ. ಸ್ವರಮಧ್ಯದ ಹಕಾರ ಲೋಪಿಸಿ ಎರಡು ಉಕಾರಗಳು ಕೂಡಿಕೊಂಡಿರುವುದು ಸ್ಪಷ್ಟ. ಸವದತ್ತಿಯಿಂದ, ಮುಂದೆ ವೇಣುಗ್ರಾಮದಿಂದ ಆಳಿದ ರಟ್ಟರ ಆಡಳಿತ ಈ ಹೆಸರನ್ನು ಹೊತ್ತು ನಿಂತಿತ್ತು. ರಟ್ಟರು ಹೋದರು, ಹೆಸರೂ ಬಳಕೆಯಿಂದ ಬಿದ್ದುಹೋಯಿತು. ‘ಕರ್ನಾಟಕ’ ಉಳಿದದ್ದು ಅದರ ಧಾತುವಿನ ಬಲದಿಂದಲ್ಲ; ಒಂದು ವಂಶದಿಂದ ಇನ್ನೊಂದಕ್ಕೆ, ಕೊನೆಗೆ ಭಾಷೆಗೆ ಅದು ಹಸ್ತಾಂತರವಾಗುತ್ತ ಬಂದುದರಿಂದ.

5. ಐದು ತಾಲ್ಲೂಕುಗಳ ಹೆಸರುಗಳು

ನಾಡಿನ ಹೆಸರಿಗೆ ಹಿಡಿದ ಅಳತೆಗೋಲನ್ನು ಊರಿನ ಹೆಸರಿಗೂ ಹಿಡಿಯೋಣ. ಐದು ಹೆಸರುಗಳು ಐದು ಬಗೆಯ ಸಾಕ್ಷ್ಯವನ್ನು ಒದಗಿಸುತ್ತವೆ.

ಚಿಕ್ಕೋಡಿ. ಹೆಸರನ್ನು ಬಿಡಿಯಾಗಿ ಬಿಡಿಸಿದರೆ ‘ಚಿಕ್ಕ + ಓಡಿ’ ಎಂದೂ ‘ಚಿಕ್ಕ + ಕೋಡಿ’ ಎಂದೂ ಓದಬಹುದು. ಅದೇ ತಾಲ್ಲೂಕಿನ ‘ಹಿರೇಕೋಡಿ’ ಈ ಸಂದೇಹವನ್ನು ಪರಿಹರಿಸುತ್ತದೆ. ಉತ್ತರಪದ ‘ಓಡಿ’ಯಾಗಿದ್ದರೆ ಹಿರೇಕೋಡಿಯಲ್ಲಿ ಕಕಾರಕ್ಕೆ ಕಾರಣವಿರುತ್ತಿರಲಿಲ್ಲ. ಆದ್ದರಿಂದ ‘ಚಿಕ್ಕಕೋಡಿ’ಯಲ್ಲಿ ಒತ್ತೊತ್ತಾಗಿ ಬಂದ ಸಮಾನ ಅಕ್ಷರಗಳಲ್ಲಿ ಒಂದು ಲೋಪಿಸಿ ‘ಚಿಕ್ಕೋಡಿ’ಯ ರೂಪ ನಿಂತಿದೆ ಎನ್ನಬಹುದು. ‘ಕೋಡಿ’ಗೆ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ತಾಣ, ತುದಿ ಎಂಬ ಅರ್ಥಗಳಿವೆ, ಅವುಗಳಲ್ಲಿ ಯಾವುದನ್ನು ಹಿಡಿದರೂ ರಚನೆಯ ವಿಶ್ಲೇಷಣೆ ಬದಲಾಗುವುದಿಲ್ಲ. ಇಂದು ಚಿಕ್ಕೋಡಿಯೇ ದೊಡ್ಡ ಪಟ್ಟಣ, ಹಿರೇಕೋಡಿ ಹಳ್ಳಿ. ಹೆಸರು ಇಟ್ಟ ಕಾಲದ ಸಂಬಂಧವನ್ನು ಹೆಸರು ಹೇಳುತ್ತದೆಯೇ ಹೊರತು ಇಂದಿನದನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ಬೇಕಿಲ್ಲ.

ಇದೇ ‘ಚಿಕ್ಕ–ಹಿರಿಯ’ ವಿರೋಧ ಕೃಷ್ಣೆಯ ದಡದ ಉಗಾರದಲ್ಲಿ ‘ಖುರ್ದ–ಬುದ್ರುಕ್’ ಎಂದು ಬರುತ್ತದೆ. ಈ ಪದಗಳು ಫಾರಸಿಯವು, ಕಂದಾಯದ ಕಡತಗಳ ಮೂಲಕ ಊರಿಗೆ ಅಂಟಿಕೊಂಡವು. ಉಗಾರದಲ್ಲಿ ಎಂದಾದರೂ ಫಾರಸಿ ಮಾತನಾಡುವ ಜನ ನೆಲೆಸಿದ್ದರೆಂದು ಇದರಿಂದ ಯಾರೂ ಊಹಿಸುವುದಿಲ್ಲ. ಹೆಸರಿನ ಭಾಷೆ ಎಂದರೆ ಕೆಲವೊಮ್ಮೆ ಅದನ್ನು ಬರೆದಿಟ್ಟವರ ಭಾಷೆ.

ನಿಪ್ಪಾಣಿ. ‘ನೀರಿಲ್ಲದ’ ಎಂಬ ಅರ್ಥದಲ್ಲಿ ಇದನ್ನು ‘ನಿಷ್ + ಪಾನೀಯ’ದಿಂದ ಸಾಧಿಸುವುದು ಧ್ವನಿನಿಯಮಕ್ಕೆ ಒಪ್ಪುತ್ತದೆ. ‘ಷ್ಪ’ ಪ್ರಾಕೃತದಲ್ಲಿ ‘ಪ್ಪ’ ಆಗುತ್ತದೆ. ಒಂಟಿ ನಕಾರ ಣಕಾರವಾಗುತ್ತದೆ. ಉತ್ತರಪದ ಇಂಡೋ-ಆರ್ಯನ್ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕನ್ನಡದ ‘ನೀರು’ ಇಲ್ಲಿಲ್ಲ. ಗಮನಾರ್ಹವೆಂದರೆ ಮರಾಠಿಯಲ್ಲಿ ಇಂದು ‘ನಿಪಾಣಿ’ ಎಂಬ ಒಂಟಿ ಪಕಾರದ ರೂಪವಿದ್ದರೆ ಕನ್ನಡಿಗರ ಬಾಯಲ್ಲಿ ದ್ವಿತ್ವವಿದೆ. ಕನ್ನಡವು ಪ್ರಾಕೃತ ಹಂತದ ದ್ವಿತ್ವವನ್ನು ಕಾಪಾಡಿಕೊಂಡಿದೆ ಎನ್ನಬಹುದು, ಅಥವಾ ಪಡೆದ ಪದವನ್ನು ತನ್ನ ಉಚ್ಚಾರಣೆಯ ಹದಕ್ಕೆ ತಂದುಕೊಂಡಿದೆ ಎನ್ನಬಹುದು. ಎರಡರಲ್ಲಿ ಯಾವುದಾದರೂ ಸರಿ, ಪದದ ಬೇರು ಒಂದು ಭಾಷೆಯದು, ಇಂದಿನ ಒಂದು ಜೀವಂತ ರೂಪ ಇನ್ನೊಂದು ಭಾಷೆಯದು.

ರಾಯಬಾಗ. ಹೆಸರು ಕೇಳಿದೊಡನೆ ‘ರಾಯರ ತೋಟ’ ಎಂದು ಬಿಡಿಸಿ, ‘ಬಾಗ್’ ಎಂಬುದನ್ನು ಫಾರಸಿಗೆ ಒಪ್ಪಿಸುವುದು ಸುಲಭ. ಆದರೆ ಶಾಸನಗಳಲ್ಲಿ ಬರುವ ‘ಬಾಗೆ’, ‘ಹೂವಿನಬಾಗೆ’ ಎಂಬ ಊರನ್ನು ವಿದ್ವಾಂಸರು ರಾಯಬಾಗವೆಂದು ಗುರುತಿಸಿದ್ದಾರೆ. ಆ ಉಲ್ಲೇಖಗಳು ಫಾರಸಿ ಈ ಸೀಮೆಯ ಆಡಳಿತಕ್ಕೆ ಬರುವುದಕ್ಕಿಂತ ಹಿಂದಿನವು. ಹಿರೇಬಾಗೇವಾಡಿ, ಬಸವನಬಾಗೇವಾಡಿಗಳಲ್ಲಿಯೂ ‘ಬಾಗೆ’ ಇದೆ. ಹಳೆಯ ‘ಬಾಗೆ’ಯನ್ನು ಮುಂದಿನವರು ತಮಗೆ ಪರಿಚಿತವಾದ ‘ಬಾಗ’ ಎಂದು ಅರ್ಥೈಸಿಕೊಂಡರು. ‘ಹೂವಿನ’ ಎಂಬ ಹಳೆಯ ವಿಶೇಷಣ ಆ ಮರುವ್ಯಾಖ್ಯಾನಕ್ಕೆ ಅನುಕೂಲ ಮಾಡಿಕೊಟ್ಟಿರಲೂ ಸಾಕು. ಇದು ಜಾನಪದ ನಿರುಕ್ತಿಯ ಶಿಷ್ಟ ಮಾದರಿ. ಕಾಲನಿರ್ದೇಶವಿರುವ ಹಳೆಯ ರೂಪವಿಲ್ಲದೆ ಇಂದಿನ ರೂಪವನ್ನು ಮಾತ್ರ ಬಿಡಿಸಿದ್ದರೆ ನಾವು ಖಚಿತವಾಗಿ ತಪ್ಪುತ್ತಿದ್ದೆವು.

ಅಥಣಿ. ಇದರ ಮಹಾಪ್ರಾಣವನ್ನು ಹಿಡಿದು ಹೆಸರು ದ್ರಾವಿಡವಲ್ಲ ಎನ್ನುವವರಿದ್ದಾರೆ, ಏಕೆಂದರೆ ಅಚ್ಚ ದ್ರಾವಿಡ ಪದಗಳಲ್ಲಿ ಮಹಾಪ್ರಾಣ ಮೂಲತಃ ಇಲ್ಲ. ಆದರೆ ಬರಹದ ‘ಥ’ ಎಷ್ಟು ಹಳೆಯದು ಎಂಬುದನ್ನು ಮೊದಲು ಕೇಳಬೇಕು. 17ನೇ ಶತಮಾನದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೋನ ಬರಹದಲ್ಲಿ ಈ ಊರಿನ ಹೆಸರು ‘ಅತ್ತೆನಿ’ ಎಂದು ಓದಬಹುದಾದ ರೂಪದಲ್ಲಿದೆ. ಭಾರತೀಯ ಮಹಾಪ್ರಾಣಗಳನ್ನು ಯುರೋಪಿಯನ್ ಕಿವಿಗಳು ಸರಿಯಾಗಿ ಹಿಡಿಯುತ್ತಿರಲಿಲ್ಲವಾದ್ದರಿಂದ ಇದೂ ನಿರ್ಣಾಯಕವಲ್ಲ. ಒಂದು ಅಕ್ಷರದ ಮೇಲೆ ಭಾಷಾಕುಲವನ್ನು ನಿಲ್ಲಿಸಲಾಗದು ಎಂಬುದಷ್ಟೇ ಇಲ್ಲಿ ಹೊರಡುವ ತೀರ್ಮಾನ.

ಕಾಗವಾಡ. ಪೂರ್ವಪದವನ್ನು ‘ಕಾಗೆ’ ಎಂದು ತೆಗೆದುಕೊಂಡರೂ ತೀರ್ಮಾನ ಸುಲಭವಲ್ಲ. ಕಾಗೆಯ ಹೆಸರು ದ್ರಾವಿಡದಲ್ಲಿಯೂ ಸಂಸ್ಕೃತದಲ್ಲಿಯೂ ಆ ಹಕ್ಕಿಯ ಕೂಗಿನಿಂದಲೇ ಹುಟ್ಟಿರುವುದರಿಂದ ಅದು ಕುಲವನ್ನು ಬಿಟ್ಟುಕೊಡದು. ಉತ್ತರಪದ ‘ವಾಡ’ವನ್ನು ಸಂಸ್ಕೃತ ‘ವಾಟ’ದಿಂದ ತರುವುದು ಸರಿಯೇ. ಆದರೆ ಇದರ ಒಡನಾಡಿಯಾದ ‘ವಾಡಿ’ಯಲ್ಲಿ ಎರಡು ಹೊಳೆಗಳು ಕೂಡಿವೆ. ಒಂದು, ‘ವಾಟಿಕಾ’ದಿಂದ ಬಂದ ಮರಾಠಿ ‘ವಾಡೀ’. ಇನ್ನೊಂದು, ಗಂಗವಾಡಿ, ನೊಳಂಬವಾಡಿಗಳಲ್ಲಿ ಕಾಣುವ ‘ವಾಡಿ’. ತಮಿಳು ಶಾಸನಗಳಲ್ಲಿ ಇವು ಗಂಗಪಾಡಿ, ನುಳಂಬಪಾಡಿ ಎಂದು ಪಕಾರದಿಂದ ಬರುತ್ತವೆ. ಸಮಾಸದ ನಡುವೆ ಪಕಾರ ವಕಾರವಾಗುವುದು ಕನ್ನಡದ ಆದೇಶಸಂಧಿಯ ನಿಯಮ. ಹಾಗಾಗಿ ರಾಯಬಾಗ ತಾಲ್ಲೂಕಿನ ಅಳಗವಾಡಿ, ಕಂಕಣವಾಡಿಗಳ ‘ವಾಡಿ’ ಯಾವ ಹೊಳೆಯದು ಎಂಬುದನ್ನು ಉತ್ತರಪದ ಒಂದರಿಂದಲೇ ಹೇಳಲಾಗದು. ಕಾಗವಾಡದ ನೆರೆಯ ‘ಕೆಂಪವಾಡ’ದಲ್ಲಿ ಪೂರ್ವಪದ ಕನ್ನಡದ್ದು, ಉತ್ತರಪದ ಇಂಡೋ-ಆರ್ಯನ್ ಮೂಲದ್ದು. ಇಂಥ ಹೆಸರುಗಳನ್ನು ಮಿಶ್ರವೆಂದು ಬದಿಗಿಡುವುದಕ್ಕಿಂತ ಇವನ್ನೇ ಈ ಸೀಮೆಯ ಪ್ರಾತಿನಿಧಿಕ ರೂಪಗಳೆಂದು ಎಣಿಸುವುದು ಹೆಚ್ಚು ಸರಿ. ಎರಡೂ ಭಾಷೆಗಳನ್ನು ಬಲ್ಲ ಜನರೇ ಇವನ್ನು ಕಟ್ಟಬಲ್ಲರು.

6. ಉಪಸಂಹಾರ

ಐದು ಹೆಸರುಗಳ ಪರಿಶೀಲನೆಯಲ್ಲಿ ಐದು ಬೇರೆ ಬೇರೆ ಉತ್ತರಗಳು ಬಂದಿವೆ. ಚಿಕ್ಕೋಡಿ ರಚನೆಯಲ್ಲಿ ಕನ್ನಡ; ನಿಪ್ಪಾಣಿ ಬೇರಿನಲ್ಲಿ ಇಂಡೋ-ಆರ್ಯನ್; ರಾಯಬಾಗ ಹಳೆಯ ಹೆಸರೊಂದರ ಮರುವ್ಯಾಖ್ಯಾನ; ಅಥಣಿಯಲ್ಲಿ ಅಕ್ಷರವೇ ಸಾಕ್ಷಿಯಾಗಲು ಸಾಲದು; ಕಾಗವಾಡದಲ್ಲಿ ಎರಡೂ ಪದಗಳು ಎರಡೂ ಭಾಷೆಗಳಿಗೆ ಪರಿಚಿತ. ನೆಲದ ಹಕ್ಕನ್ನು ವ್ಯುತ್ಪತ್ತಿಯಿಂದ ತೀರ್ಮಾನಿಸುವುದಾದರೆ ಒತ್ತೊತ್ತಾಗಿರುವ ಈ ತಾಲ್ಲೂಕುಗಳನ್ನು ಒಂದೊಂದು ದಿಕ್ಕಿಗೆ ಎಳೆಯಬೇಕಾಗುತ್ತದೆ. ಉಗಾರವನ್ನಂತೂ ಇರಾನಿಗೆ ಒಪ್ಪಿಸಬೇಕಾಗುತ್ತದೆ. ‘ಕರ್ನಾಟಕ’ವೆಂಬ ಹೆಸರು ಒಮ್ಮೆ ಸೇನೆಯನ್ನು, ಒಮ್ಮೆ ಮಿಥಿಲೆಯ ಅರಸರನ್ನು, ಒಮ್ಮೆ ಆರ್ಕಾಟಿನ ನವಾಬನ ನೆಲವನ್ನು ನಿರ್ದೇಶಿಸಿದ್ದನ್ನು ಕಂಡ ಮೇಲೆ, ಆ ಹೆಸರನ್ನೂ ಎಲ್ಲೆಯ ಕಲ್ಲಾಗಿ ನೆಡಲಾಗದು. ಗಡಿಯ ಪ್ರಶ್ನೆಗೆ ಉತ್ತರ ಇಂದು ಅಲ್ಲಿ ಬದುಕುವ ಜನರ ಭಾಷೆ, ಇಚ್ಛೆ, ಆಡಳಿತದ ಅನುಕೂಲ, ಕಾನೂನುಗಳಿಂದ ಬರಬೇಕಾದುದು. ಅದನ್ನು ಸ್ಥಳನಾಮದಿಂದ ಹಿಂಡಿ ತೆಗೆಯಲು ಹೊರಟರೆ ಪ್ರಶ್ನೆಯೂ ಬಗೆಹರಿಯದು, ಶಾಸ್ತ್ರವೂ ಕೆಡುತ್ತದೆ.

ಹಾಗೆಂದು ಸ್ಥಳನಾಮದ ಸಾಕ್ಷ್ಯ ದುರ್ಬಲವೆಂದು ನಾವು ಹೇಳುತ್ತಿಲ್ಲ. ಅದು ಎರಡು ಭಾಷೆಗಳು ಎಷ್ಟು ಹಿಂದಿನಿಂದ, ಎಷ್ಟು ಒಳಗಿನಿಂದ ಕೂಡಿ ಬಾಳಿವೆ ಎಂಬುದಕ್ಕೆ ಬಲವಾದ ಸಾಕ್ಷ್ಯ. ಆ ಸಾಕ್ಷ್ಯ ನಮ್ಮ ಕಣ್ಣೆದುರೇ ಸವೆಯುತ್ತಿದೆ. ಫಲಕಗಳಲ್ಲಿಯೂ ಕಂದಾಯ ದಾಖಲೆಗಳಲ್ಲಿಯೂ ಹೆಸರುಗಳು ಒಂದೇ ಅಧಿಕೃತ ಕಾಗುಣಿತಕ್ಕೆ ಬರುತ್ತಿವೆ. ಹೊಸ ತಲೆಮಾರು ಫಲಕದಲ್ಲಿರುವಂತೆಯೇ ಉಚ್ಚರಿಸತೊಡಗಿದೆ. ನಿಪ್ಪಾಣಿಯ ದ್ವಿತ್ವ, ಚಿಕ್ಕೋಡಿಯ ಅಕ್ಷರಲೋಪದಂಥ ಸಣ್ಣ ಗುರುತುಗಳಿಲ್ಲದಿದ್ದರೆ ಮೇಲಿನ ವಾದಗಳಲ್ಲಿ ಅರ್ಧದಷ್ಟು ಸಾಧ್ಯವಾಗುತ್ತಿರಲಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧನಾರ್ಥಿಗಳು ಪ್ರತಿ ಊರಿನ ಹೆಸರನ್ನು ಕನ್ನಡ ಮಾತುಗಾರರಿಂದಲೂ ಮರಾಠಿ ಮಾತುಗಾರರಿಂದಲೂ ಬೇರೆ ಬೇರೆಯಾಗಿ ಧ್ವನಿಮುದ್ರಿಸಬೇಕು. ಹೊಲ, ಹಳ್ಳ, ಓಣಿಗಳ ಹೆಸರುಗಳನ್ನೂ ಬಿಡಬಾರದು. ಪ್ರತಿಯೊಂದು ರೂಪಕ್ಕೂ ಅದರ ಕಾಲವನ್ನು, ಅದನ್ನು ದಾಖಲಿಸಿದವರ ಭಾಷೆಯನ್ನು ನಮೂದಿಸಬೇಕು. ಯಾವ ಭಾಷೆಯ ಹೆಸರು ಎಂಬ ಪ್ರಶ್ನೆಯನ್ನು ಆ ಮೂರೂ ಕೆಲಸಗಳು ಮುಗಿದ ಮೇಲೆ ಕೇಳಿದರೆ ಸಾಕು.